ಹಾಲು ಬಿಟ್ಟೆ, ನೆರೆಹೊರೆ ಬಿಟ್ಟಿಲ್ಲ

ಹಾಲು, ಮೊಸರು ಬಿಟ್ಟಿದ್ದೇನೆ ಎಂದರೆ ಮುಂಬಯಿಯ ಮಾಟುಂಗಾದ ಉಡುಪಿ ಹೋಟೆಲಿನ ಮಾಣಿಗೂ ನನ್ನ ಮೇಲೆ ಕನಿಕರ. ಇಡ್ಲಿ, ನೀರುದೋಸೆ, ಬೆಣ್ಣೆ ಹಚ್ಚದ ವಡಾಪಾವ್ ಇರುವ ಊರಿನಲ್ಲಿ ವೀಗನ್, ಅಂದರೆ ಪ್ರಾಣಿಗಳಿಂದ ಬರುವ ಏನನ್ನೂ ತಿನ್ನದವರು ಆದವರು ಉಪವಾಸ ಬೀಳುವುದೇ ಕಷ್ಟ ಮಾರಾಯ! ವಿಟಮಿನ್ ಬಿ12 ಮಾತ್ರೆಯನ್ನು ಮಾತ್ರ ತಪ್ಪಿಸುವ ಹಾಗಿಲ್ಲ. ಗಿಡಮೂಲದ ಊಟದಿಂದ ಅದು ಸಾಕಷ್ಟು ಸಿಗುವುದಿಲ್ಲ.

ಬಿಟ್ಟ ಕಾರಣ ಸರಳ. ಕರು ಹಾಕದೆ ಎಮ್ಮೆ ಹಾಲು ಕೊಡುವುದಿಲ್ಲ. ಹುಟ್ಟಿದ್ದು ಗಂಡಾದರೆ ಹಾಲಿನ ವ್ಯಾಪಾರಕ್ಕೆ ಅದು ಬರೀ ಖರ್ಚು.

ಆದರೆ ಮುಂಬಯಿಯಲ್ಲಿ ಇನ್ನೊಂದು ಬಗೆಯ 'ಕರುಣೆ'ಯೂ ಇದೆ: ಮೀನು, ಮಾಂಸ ತಿನ್ನುವವರಿಗೆ ಮನೆಯನ್ನೇ ಬಾಡಿಗೆಗೆ ಕೊಡದ ಕೆಲವು ಹೌಸಿಂಗ್ ಸೊಸೈಟಿಗಳದ್ದು. ಅದೂ ಕೋಲಿ ಮೀನುಗಾರರು ಮೊದಮೊದಲು ನೆಲೆಸಿದ ದ್ವೀಪಗಳಲ್ಲಿ! ಬಂಗುಡೆಯ ವಾಸನೆಗೆ ಮೂಗು ಮುಚ್ಚಿಕೊಂಡು, ಅನ್ನಕ್ಕೆ ಧಾರಾಳವಾಗಿ ತುಪ್ಪ ಸುರಿದುಕೊಳ್ಳುವವರ ಸಾಲಿಗೆ ದಯವಿಟ್ಟು ನನ್ನನ್ನು ಸೇರಿಸಬೇಡಿ. ಕರುವಿನ ಮೇಲಿನ ಮರುಕ ಬಾಡಿಗೆದಾರನ ಹತ್ತಿರ ಬಂದಾಗ ಆವಿಯಾಗುವುದಾದರೆ ಅದು ಮಡಿಯೇ ಹೊರತು ದಯೆಯಲ್ಲ.

ನಮ್ಮ ಪಕ್ಕದ ಮನೆಯ ಮಂಗಳೂರಿನ ಅಕ್ಕ ಮೀನು ಕರಿಯುವ ದಿನ ನನಗೆಂದೇ ಬೇರೆ ಪಾತ್ರೆಯಲ್ಲಿ ಕಡಲೆ ಗಸಿ ಮಾಡಿಡುತ್ತಾರೆ. "ಜೇನುತುಪ್ಪವೂ ಆಗುವುದಿಲ್ಲವಾ?" ಎಂದು ಮೊನ್ನೆ ಕೇಳಿದರು. ಇಲ್ಲ ಎಂದೆ. ಹಣೆ ಚಚ್ಚಿಕೊಂಡು ಬೆಲ್ಲದ ಡಬ್ಬಿ ತೆಗೆದರು.