ಮಲ್ಲಣ್ಣನ ಎದೆ, ನಮ್ಮ ಗಂಟಲು

ನಮ್ಮ ಬ್ಯಾಚಿನವರು ಎಲ್ಲೇ ಸೇರಲಿ, ಮದುವೆಯಲ್ಲೋ ಮೈಲಾಪುರದ ಜಾತ್ರೆಯಲ್ಲೋ, ಸ್ವಲ್ಪ ಹೊತ್ತಿಗೆ ಮಲ್ಲಣ್ಣನ ಮಾತು ಬಂದೇ ಬರುತ್ತದೆ. ಮಲ್ಲಣ್ಣ ನಮ್ಮ ಜೊತೆ ಓದಿದವನಲ್ಲ. ಸಿಮೆಂಟ್ ಚೀಲಕ್ಕೆ ಹತ್ತಿ ತುಂಬಿ ಹೊಲಿದ ಗೊಂಬೆ. ಹೃದಯ ನಿಂತು ಬಿದ್ದವರ ಎದೆ ಒತ್ತಿ, ಬಾಯಿಂದ ಉಸಿರು ಕೊಟ್ಟು ಉಳಿಸಲು ನೋಡುವುದಕ್ಕೆ ಸಿಪಿಆರ್ ಅನ್ನುತ್ತಾರಲ್ಲ, ಅದನ್ನು ನಾವು ಕಲಿತದ್ದು ಇವನ ಮೇಲೆ. ಎದೆಯ ಜಾಗದಲ್ಲಿ, ಹತ್ತಿಯ ನಡುವೆ, ಒಂದು ಲೀಟರ್ ನೀರಿನ ಖಾಲಿ ಬಾಟಲಿ. ಮೇಲೆ ಯಾರೋ ಬಿಟ್ಟುಹೋದ ಯೂನಿಫಾರ್ಮ್ ಅಂಗಿ. ತಲೆ ಅಂದರೆ ಹಳೆಯ ವಾಲಿಬಾಲ್. ಸರಿಯಾಗಿ ಒತ್ತಿದರೆ ಬಾಟಲಿ ಟಕ್ ಅನ್ನುತ್ತಿತ್ತು. ಅರ್ಧಂಬರ್ಧ ಒತ್ತಿದರೆ ಹತ್ತಿ ಕುಸಿಯುತ್ತಿತ್ತು ಅಷ್ಟೇ, ಸದ್ದಿಲ್ಲ.

ಇವನನ್ನು ಹುಟ್ಟಿಸಿದವರು ನಮ್ಮ ವಿಜ್ಞಾನದ ಸರ್. 2011ರ ಮಾತು. ಯಾದಗಿರಿ ಜಿಲ್ಲೆಯಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ದೊಡ್ಡ ಕಾಯಿಲೆ ಬಂತೆಂದರೆ ಗುಲ್ಬರ್ಗಾ, ರಾಯಚೂರು ಅಥವಾ ಸೊಲ್ಲಾಪುರ. ಸರ್ ಆ ಬೇಸಿಗೆಯಲ್ಲಿ ಗುಲ್ಬರ್ಗಾದಲ್ಲಿ ಯಾವುದೋ ತರಬೇತಿ ಮುಗಿಸಿ ಬಂದಿದ್ದರು. ಬಂದವರೇ ಒಂಬತ್ತನೇ ತರಗತಿಯ ಟೈಮ್‌ಟೇಬಲ್ ಹಿಡಿದು ಜಾಗ ಹುಡುಕಿದರು. ಸಿಗಲಿಲ್ಲ. ಶನಿವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು, ಬೇವಿನ ಮರದ ಕೆಳಗೆ ತಾಡಪತ್ರಿ ಹಾಸಿ ಶುರು ಮಾಡಿಯೇಬಿಟ್ಟರು.

"ಇದು ಸಿಲೆಬಸ್‌ನಾಗ ಇಲ್ಲ, ಪರೀಕ್ಷೆಗೆ ಬರಂಗಿಲ್ಲ. ಅದಕ್ಕೇ ಲಕ್ಷ್ಯ ಕೊಟ್ಟು ಕೇಳ್ರಿ" ಅಂದರು ಮೊದಲ ದಿನ.

ಎದೆ ನಡುವಿನ ಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈ ಬುಡ ಇಡಬೇಕು. ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬಾರದು. ತೋಳಿನ ಬಲ ಬೇಡ, ಹೆಗಲ ಭಾರ ಬೀಳಬೇಕು. ಐದಾರು ಸೆಂಟಿಮೀಟರ್ ಕೆಳಗೆ ಹೋಗಬೇಕು, ಮತ್ತೆ ಪೂರ್ತಿ ಮೇಲೆ ಬರಲು ಬಿಡಬೇಕು. ಈ ಮೇಲೆ ಬರಲು ಬಿಡುವುದನ್ನೇ ಎಲ್ಲರೂ ಮರೆಯುತ್ತಿದ್ದೆವು. ಎದೆ ಮೇಲೆದ್ದಾಗಲೇ ಹೃದಯಕ್ಕೆ ಮತ್ತೆ ರಕ್ತ ತುಂಬುವುದು ಅಂತ ಸರ್ ಪಿಚಕಾರಿ ತಂದು ತೋರಿಸಿದ್ದರು. ನಿಮಿಷಕ್ಕೆ 100ರಿಂದ 120 ಸಲ. ಕೇಳಲು ಸಲೀಸು. ಮಾಡಲು ಹೋದರೆ ಒಂದೇ ನಿಮಿಷಕ್ಕೆ ಬೆವರು ಇಳಿಯುತ್ತದೆ, ಅದೂ ನಮ್ಮ ಯಾದಗಿರಿ ಬಿಸಿಲಿಗೆ! ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು ಅನ್ನುವುದು ಇದಕ್ಕೇ.

ಎಣಿಕೆಯದ್ದೊಂದು ತಮಾಷೆ. 30 ಸಲ ಒತ್ತಿ ಎರಡು ಸಲ ಉಸಿರು ಕೊಡುವುದು ಲೆಕ್ಕ. ಇಪ್ಪತ್ತು ದಾಟಿದ ಕೂಡಲೇ ಎಲ್ಲರೂ ನಿಧಾನ ಆಗುತ್ತಿದ್ದೆವು. ಸುಸ್ತಾಯಿತು ಅಂದುಕೊಂಡಿದ್ದೆವು. ಸರ್ ಕೈಗಡಿಯಾರ ನೋಡುತ್ತಾ ಕೂತು ಪತ್ತೆ ಹಚ್ಚಿದರು. 'ಇಪ್ಪತ್ತೇಳು, ಇಪ್ಪತ್ತೆಂಟು' ಅನ್ನಲು ನಾಲಿಗೆಗೆ ಹೊತ್ತು ಹಿಡಿಯುತ್ತದೆ, ನಾಲಿಗೆಗಾಗಿ ಕೈ ಕಾಯುತ್ತದೆ. ಮುಂದಿನ ವಾರದಿಂದ ಒಂದರಿಂದ ಹತ್ತು, ಮೂರು ಸಲ. ಕೈ ತಪ್ಪಲಿಲ್ಲ. ಇಂಥದ್ದನ್ನೆಲ್ಲ ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ ಬಿಡಿ.

ಆದರೆ ನಮಗೆ ನಿಜವಾಗಿ ಕಷ್ಟ ಆದದ್ದು ಎದೆ ಒತ್ತುವುದಲ್ಲ, ಕೂಗುವುದು. ಯಾರಾದರೂ ಬಿದ್ದರೆ ಮೊದಲು ಹೆಗಲು ತಟ್ಟಿ ಜೋರಾಗಿ ಕರೆಯಬೇಕು. ಉತ್ತರ ಇಲ್ಲ, ಉಸಿರೂ ಸರಿ ಇಲ್ಲ ಅಂದರೆ ಸುತ್ತ ನಿಂತವರಲ್ಲಿ ಒಬ್ಬರಿಗೆ ಬೊಟ್ಟು ಮಾಡಿ ಕೆಲಸ ಹೇಳಬೇಕು. 'ಯಾರಾದ್ರೂ ಫೋನ್ ಮಾಡ್ರಿ' ಅಂದರೆ ಯಾರೂ ಮಾಡುವುದಿಲ್ಲ, ಪಕ್ಕದವನು ಮಾಡಿರಬೇಕು ಅಂದುಕೊಳ್ಳುತ್ತಾರೆ. ಹದಿನಾಲ್ಕು ವರ್ಷ ಮನೆಯಲ್ಲಿ ನಮಗೆ ಕಲಿಸಿದ್ದೇನು? ಹಿರಿಯರ ಮುಂದೆ ದನಿ ಎತ್ತಬೇಡ, ಬೊಟ್ಟು ಮಾಡಿ ಮಾತಾಡಬೇಡ. ಹುಡುಗಿಯರಿಗಂತೂ ಇನ್ನೂ ಜಾಸ್ತಿ.

ಹಾಗಾಗಿ ಸರ್ ಬರೀ ಮಕ್ಕಳನ್ನು ಇಟ್ಟುಕೊಂಡು ಅಭ್ಯಾಸ ಮಾಡಿಸಲಿಲ್ಲ. ಗಂಟೆ ಹೊಡೆಯುವ ಕಾಕಾನನ್ನು ಕರೆದರು, ಬಿಸಿಯೂಟದ ಅಕ್ಕಂದಿರನ್ನು ಕರೆದರು, ಕೊನೆಗೆ ಹೆಡ್‌ಮಾಸ್ಟರನ್ನೇ ತಂದು ಗುಂಪಿನಲ್ಲಿ ನಿಲ್ಲಿಸಿದರು. ನೀವೆಲ್ಲ ಸುಮ್ನೆ ನೋಡುತ್ತಾ ನಿಲ್ಲಬೇಕು, ಹುಡುಗರು ಹೇಳುವವರೆಗೂ ಅಲುಗಾಡಬಾರದು ಅಂತ ಅವರಿಗೆ ಕರಾರು. ನಮ್ಮ ಕ್ಲಾಸಿನಲ್ಲಿ ಒಬ್ಬಳಿದ್ದಳು, ಹಾಜರಿ ಕೂಗಿದರೂ ಅವಳ ದನಿ ಮುಂದಿನ ಬೆಂಚಿಗೆ ತಲುಪುತ್ತಿರಲಿಲ್ಲ. ಅವಳ ಸರದಿ ಬಂತು. ಮಲ್ಲಣ್ಣನ ಪಕ್ಕ ಮಂಡಿ ಊರಿದಳು. ತಲೆ ಎತ್ತಿ ಹೆಡ್‌ಮಾಸ್ಟರ್ ಕಡೆ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಸರ್ ಗಡಿಯಾರ ನೋಡುತ್ತಾ "ಅರ್ಧ ನಿಮಿಷ ಹೋತು" ಅಂದರು. ಆಗ ಬಂತು ನೋಡಿ: "ಏ ಸರ್! ನೀಲಿ ಅಂಗಿ! ನಿಮಗ ಹೇಳೋದು! 108ಕ್ಕ ಫೋನ್ ಹಚ್ರಿ!" ಬೇವಿನ ಮರದ ಕಾಗೆ ಹಾರಿದವು. ಹೆಡ್‌ಮಾಸ್ಟರ್ ಗಡಬಡಿಸಿ ನಿಜವಾಗಿಯೂ ಜೇಬಿಗೆ ಕೈ ಹಾಕಿ ಫೋನ್ ತೆಗೆದರು. ಸರ್ ಓಡಿ ಹೋಗಿ ತಡೆದರು.

ಪ್ರಶ್ನೆಗಳೂ ಬರುತ್ತಿದ್ದವು. ಬಿದ್ದವರು ಹೆಣ್ಣುಮಗಳಾದರೆ ಮುಟ್ಟಬಹುದಾ ಸರ್ ಅಂತ ಒಬ್ಬ ಕೇಳಿದ, ಎಲ್ಲರೂ ಕಿಸಕ್ಕನೆ ನಕ್ಕೆವು. ಸರ್ ನಗಲಿಲ್ಲ. "ನಿಮ್ಮವ್ವ ಬಿದ್ರೂ ಹಿಂಗೇ ಕೇಳ್ತೀಯೇನು?" ಅಷ್ಟೇ ಅಂದರು. ಹೊಲದ ಮೋಟಾರಿನ ಕರೆಂಟ್ ಹೊಡೆದರೆ ಮೊದಲು ಮೇನ್ ಆಫ್ ಮಾಡಬೇಕು, ಆಮೇಲೆ ಮುಟ್ಟಬೇಕು. ಅದನ್ನು ಮೂರು ಮೂರು ಸಲ ಹೇಳಿಸುತ್ತಿದ್ದರು.

ಭೀಮಾ ನದಿಯ ಊರು ನಮ್ಮದು, ಹೊಳೆಯ ಮಾತು ಬಾರದೇ ಇರುತ್ತದೆಯೇ? ದೊಡ್ಡವರು ತಟ್ಟನೆ ಕುಸಿದು ಬಿದ್ದರೆ ರಕ್ತದಲ್ಲಿ ಇನ್ನೂ ಆಮ್ಲಜನಕ ಉಳಿದಿರುತ್ತದೆ. ಬಾಯಿಗೆ ಬಾಯಿ ಇಡಲು ಮನಸ್ಸಾಗದಿದ್ದರೆ ಬರೀ ಎದೆ ಒತ್ತುತ್ತಾ ಇದ್ದರೂ ನಡೆಯುತ್ತದೆ. ಮುಳುಗಿದವರ ಲೆಕ್ಕ ಬೇರೆ. ಅಲ್ಲಿ ಮೊದಲು ಮುಗಿಯುವುದೇ ಉಸಿರು. ಹಾಗಾಗಿ ಮೊದಲು ಉಸಿರು ಕೊಡಬೇಕು, ಜೊತೆಗೆ ಎದೆ ಒತ್ತಬೇಕು. ನಮ್ಮ ಕಡೆ ಮಾಡುವುದೇನು? ಬೋರಲು ಮಲಗಿಸಿ ಹೊಟ್ಟೆ ಅದುಮಿ ನೀರು ತೆಗೆಯುತ್ತಾ ಕೂರುತ್ತಾರೆ. ರಕ್ತ ಹೋಗದಿದ್ದರೆ ನಾಲ್ಕರಿಂದ ಆರು ನಿಮಿಷದೊಳಗೆ ಮಿದುಳು ಕೆಡಲು ಶುರುವಾಗುತ್ತದೆ, ಆ ಹೊತ್ತೆಲ್ಲ ಹೊಟ್ಟೆ ಅದುಮುವುದರಲ್ಲೇ ಕಳೆಯುತ್ತದೆ. ಈಗ ಮೊಬೈಲಿನಲ್ಲಿ ಇನ್ನೊಂದು ಬಂದಿದೆ, ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಎದ್ದು ಕೂರುತ್ತಾರಂತೆ! ಓದಿದವರೂ ಅದನ್ನು ನನಗೆ ಫಾರ್ವರ್ಡ್ ಮಾಡುತ್ತಾರೆ. ಸಿಟ್ಟು ಬರದೇ ಇರುತ್ತದೆಯೇ?

ನಮ್ಮ ಮಲ್ಲಣ್ಣನಿಗೊಬ್ಬಳು ಅಕ್ಕ ಇದ್ದಾಳೆ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 1960ರಲ್ಲಿ ನಾರ್ವೆಯ ಆಸ್ಮಂಡ್ ಲೇರ್ಡಾಲ್ ಅನ್ನುವವನು ಈ ಕಲಿಕೆಗೆಂದೇ ಒಂದು ಗೊಂಬೆ ತಯಾರಿಸಿದ. ಅವನು ವೈದ್ಯನಲ್ಲ, ಆಟಿಕೆ ಮಾಡುವವನು. ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕ ಹೆಸರಿಲ್ಲದ ಹುಡುಗಿಯದು ಎಂದು ಹೇಳುವ ಒಂದು ಮುಖವಾಡ ಇತ್ತು, ಅದೇ ಮುಖವನ್ನು ಗೊಂಬೆಗೆ ಕೊಟ್ಟ. ಮರುವರ್ಷವೇ ಆ ದೇಶದ ಶಾಲೆಗಳಲ್ಲಿ ಇದನ್ನು ಕಲಿಸತೊಡಗಿದರು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದಕ್ಕೆ ಒಪ್ಪಿಗೆ ಕೊಟ್ಟಿತು: ಮಕ್ಕಳಿಗೆ ಹನ್ನೆರಡು ವರ್ಷ ಆದಾಗಿನಿಂದ, ವರ್ಷಕ್ಕೆ ಎರಡು ಗಂಟೆ ಕಲಿಸಬೇಕು. ನಮ್ಮ ಸರ್ ಯಾರ ಒಪ್ಪಿಗೆಗೂ ಕಾದಿರಲಿಲ್ಲ. ಅವರ ಹತ್ತಿರ ಇದ್ದದ್ದು ಶಹಾಪುರದ ಕಡೆಯ ಹತ್ತಿ ಮತ್ತು ಒಂದು ದಬ್ಬಣ.

ಕಲಿತದ್ದು ಉಪಯೋಗಕ್ಕೆ ಬಂತಾ ಅಂತ ಕೇಳುತ್ತಾರೆ. ಸಿನಿಮಾದಲ್ಲಿ ಆಗುವ ಹಾಗೆ ಏನೂ ಆಗಿಲ್ಲ. ನಾನು ಇವತ್ತಿನವರೆಗೆ ಮನುಷ್ಯರ ಎದೆ ಒತ್ತಿಲ್ಲ. ವಾಡಿ ಜಂಕ್ಷನ್‌ನಲ್ಲಿ ಒಮ್ಮೆ ಒಬ್ಬರು ಪ್ಲಾಟ್‌ಫಾರ್ಮ್ ಮೇಲೆ ಬಿದ್ದು ಮೈ ನಡುಗಿಸುತ್ತಿದ್ದರು. ಮೂರ್ಛೆರೋಗ. ಒಬ್ಬ ಕೈಗೆ ಕೀಲಿ ಗೊಂಚಲು ತುರುಕುತ್ತಿದ್ದ, ಒಬ್ಬ ಬಾಯಿಗೆ ನೀರು ಸುರಿಯಲು ನೋಡುತ್ತಿದ್ದ. ನಡುಕ ನಿಂತಿತು. ಆಗ ಇನ್ನೊಬ್ಬ, ವಿಡಿಯೋ ನೋಡಿದವನಿರಬೇಕು, ಎದೆ ಒತ್ತಲು ಕೂತೇಬಿಟ್ಟ. ಎದೆ ಸಮನಾಗಿ ಏರಿಳಿಯುತ್ತಿತ್ತು. ಸರ್ ಹೇಳಿದ್ದು ನೆನಪಿತ್ತು. ನೀರಿನಿಂದ ತೆಗೆದ ಮೀನಿನ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದರೆ ಅದು ಉಸಿರಲ್ಲ, ಒತ್ತು. ಸಮನಾಗಿ ಆಡುತ್ತಿದ್ದರೆ ಉಸಿರೇ, ಒತ್ತಬೇಡ. ಆ ಮನುಷ್ಯನನ್ನು ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿದೆ. ಆಮೇಲೆ ಬೊಟ್ಟು ಮಾಡಿದೆ: "ಏ ಅಣ್ಣ, ಕೆಂಪು ಬ್ಯಾಗ್, ನೀವೇ! ಸ್ಟೇಷನ್ ಮಾಸ್ಟರ್‌ನ್ನ ಕರ್ಕೊಂಡ್ ಬರ್ರಿ!" ಅವನು ಮರುಮಾತಾಡದೆ ಓಡಿದ.

ನಾನೀಗ ಬ್ಯಾಂಕಿನಲ್ಲಿದ್ದೇನೆ. ಸಹೋದ್ಯೋಗಿಗಳಿಗೆ ಊಟದ ಬಿಡುವಿನಲ್ಲಿ ದಿಂಬು ಇಟ್ಟು ಕಲಿಸಿದೆ. ಒತ್ತುವುದನ್ನು ಬೇಗ ಕಲಿತರು. ಬೊಟ್ಟು ಮಾಡಿ ಕೂಗ್ರಿ ಅಂದರೆ ಮ್ಯಾನೇಜರ್ ಸಾಹೇಬರೇ ನಾಚಿಕೊಂಡರು. ಐವತ್ತು ದಾಟಿದ ಮೇಲೆ ಗಂಟಲು ತೆರೆಯುವುದು ಕಷ್ಟ, ಹದಿನಾಲ್ಕಕ್ಕೇ ತೆರೆಸಬೇಕು. ಇನ್ನೊಂದು ಹೆದರಿಕೆ ಎಲ್ಲರಿಗೂ ಇದೆ, ಪೊಲೀಸ್ ಕೇಸ್ ಆದರೆ? ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಕಿರುಕುಳ ಕೊಡಬಾರದೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅದು ಸೇರಿದೆ.

ಶಾಲೆಗೆ ಏನು ಕೊಡೋಣ ಅಂತ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಚರ್ಚೆ ನಡೆದಿದೆ. ಕಮಾನು ಕಟ್ಟಿಸಿ ಹೆಸರು ಕೆತ್ತಿಸುವ ಯೋಚನೆ ಕೆಲವರದ್ದು. ಆಗಲಿ. ನನ್ನ ಕೋರಿಕೆ ಹೆಡ್‌ಮಾಸ್ಟರಿಗೆ: ಎಂಟು ಮತ್ತು ಒಂಬತ್ತನೇ ತರಗತಿಗೆ ವರ್ಷಕ್ಕೆ ಎರಡು ಪಿರಿಯಡ್ ಇದಕ್ಕೆ ಅಂತ ಟೈಮ್‌ಟೇಬಲ್‌ನಲ್ಲೇ ಬರೆದಿಡಿ. ಒಮ್ಮೆ ಕಲಿಸಿ ಬಿಟ್ಟರೆ ಕೈ ಮರೆತುಬಿಡುತ್ತದೆ, ಪ್ರತಿ ವರ್ಷ ಆಗಬೇಕು. ಕಲಿಸುವವರು ಇಲ್ಲ ಅನ್ನುವ ಚಿಂತೆ ಬೇಡ. ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಆವತ್ತು ಇಟ್ಟರೆ ನಾನೇ ಬರುತ್ತೇನೆ.