ಲೇಸರ್ ಇರುವಾಗ ಎಲೆಕ್ಟ್ರಾನ್ ಯಾಕೆ?

ಕಾಸರಗೋಡು ಕಡೆಯ ಬಿ.ಎಸ್ಸಿ. ಮಕ್ಕಳು ಮತ್ತೆ ಮತ್ತೆ ಕೇಳುವುದು ಇದನ್ನೇ: ಬೆಳಕು ವಸ್ತುವಿಗೆ ಏನು ಮಾಡುತ್ತದೆಂದು ನೋಡಲು ಲೇಸರ್ ಸಾಲದೇ, ಎಲೆಕ್ಟ್ರಾನ್ ಕಿರಣ ಯಾಕೆ?

ಸಾಲದು. ಮಾಮೂಲಿ ಮಸೂರದಲ್ಲಿ ತರಂಗಾಂತರದ ಅರ್ಧಕ್ಕಿಂತ ಸಣ್ಣದು ಕಾಣುವುದಿಲ್ಲ. ಹಸಿರು ಬೆಳಕಿಗೆ ಆ ಅರ್ಧ ಸುಮಾರು 250 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್). ಎಲೆಕ್ಟ್ರಾನ್ ಕಿರಣವನ್ನು ಒಂದೆರಡು ನ್ಯಾನೋಮೀಟರಿನ ಚುಕ್ಕೆಗೆ ಇಳಿಸಬಹುದು.

ಆದರೆ ಒಂದು ತೊಡಕಿದೆ. ಖಾಲಿ ಜಾಗದಲ್ಲಿ ಓಡುವ ಎಲೆಕ್ಟ್ರಾನ್ ಒಂದು ಫೋಟಾನನ್ನು, ಅಂದರೆ ಬೆಳಕಿನ ಒಂದು ಕಣವನ್ನು, ನುಂಗಲೂ ಆರದು, ಉಗುಳಲೂ ಆರದು. ಶಕ್ತಿಯ ಲೆಕ್ಕ ಹೊಂದಿಸಿದರೆ ಸಂವೇಗದ ಲೆಕ್ಕ ತಪ್ಪುತ್ತದೆ. ಆ ಕೊರತೆ ತುಂಬುವುದು ವಸ್ತುವಿನ ಮೇಲ್ಮೈಗೆ ಅಂಟಿಕೊಂಡ, ದೂರ ಸರಿದಂತೆ ಬೇಗ ಕುಗ್ಗುವ ಬೆಳಕಿನ ಕ್ಷೇತ್ರ; ಇದಕ್ಕೆ ಸಮೀಪ ಕ್ಷೇತ್ರ ಎನ್ನುತ್ತಾರೆ.

ಇದನ್ನು ಕಣ್ಣಾರೆ ತೋರಿಸುವುದು 1953ರ ಸ್ಮಿತ್–ಪರ್ಸೆಲ್ ಪ್ರಯೋಗ: ಸಮ ಅಂತರದ ಗೀರುಗಳಿರುವ ಲೋಹದ ಜಾಲರಿಯ (ಗ್ರೇಟಿಂಗ್) ಮೇಲ್ಮೈಯನ್ನು ಸವರುವಷ್ಟು ಹತ್ತಿರದಲ್ಲಿ ಎಲೆಕ್ಟ್ರಾನ್ ಓಡಿದರೆ ಬೆಳಕು ಹೊರಡುತ್ತದೆ. ಗೀರುಗಳ ಅಂತರ 200 ನ್ಯಾನೋಮೀಟರ್, ಎಲೆಕ್ಟ್ರಾನಿಗೆ ವೇಗ ಕೊಡುವ ವೋಲ್ಟೇಜ್ 30 ಕಿಲೋವೋಲ್ಟ್ ಇಟ್ಟುಕೊಳ್ಳಿ. ಕಿರಣಕ್ಕೆ ಲಂಬವಾಗಿ ನೋಡಿದರೆ ಸುಮಾರು 609 ನ್ಯಾನೋಮೀಟರಿನ ಕಿತ್ತಳೆ, ಎಲೆಕ್ಟ್ರಾನ್ ಸಾಗುವ ದಿಕ್ಕಿಗೆ 60 ಡಿಗ್ರಿಯಲ್ಲಿ ಸುಮಾರು 509ರ ಹಸಿರು. ವೋಲ್ಟೇಜನ್ನು 20ಕ್ಕೆ ಇಳಿಸಿದರೆ ಲಂಬ ದಿಕ್ಕಿನ ಬಣ್ಣ 736ಕ್ಕೆ, ಕಣ್ಣಿಗೆ ಕಾಣುವ ಕೆಂಪಿನ ಕೊನೆಗೆ ಜಾರುತ್ತದೆ. ಬಣ್ಣ ಬೇಕಾದಂತೆ ತಿರುಗಿಸಲು ವೋಲ್ಟೇಜಿನ ಗುಂಡಿ ಸಾಕು, ಇದೇ ಇದರ ಚಂದ.

ಕೈಕೊಡುವುದು ಅಂತರದಲ್ಲಿ. ಮೇಲಿನ ಅಳತೆಯಲ್ಲಿ ಜಾಲರಿಯಿಂದ ಪ್ರತಿ 17 ನ್ಯಾನೋಮೀಟರ್ ದೂರ ಸರಿದಂತೆ ಬೆಳಕು ಮೂರನೇ ಒಂದಕ್ಕಿಂತ ತುಸು ಹೆಚ್ಚಿಗೆ ಇಳಿಯುತ್ತದೆ. 50ಕ್ಕೆ ಹೋದರೆ ಇಪ್ಪತ್ತರಲ್ಲಿ ಒಂದು ಪಾಲು. ಕಿರಣ ಸ್ವಲ್ಪ ಓರೆಯಾದರೂ ಲೋಹಕ್ಕೇ ಬಡಿಯುತ್ತದೆ, ಆಗ ಕಾಣುವ ಹೊಳಪು ಬೇರೆಯದೇ. ಗುರುತು ಹಿಡಿಯುವುದು ಸುಲಭ: ವೋಲ್ಟೇಜ್ ಬದಲಿಸಿ ನೋಡಿ, ಬಣ್ಣ ಜರುಗದಿದ್ದರೆ ಅದು ಸ್ಮಿತ್–ಪರ್ಸೆಲ್ ಅಲ್ಲ. ನಮ್ಮ ಕರಾವಳಿಯ ಆಟಿಯ (ಮಳೆಗಾಲದ ತಿಂಗಳು) ತೇವದಲ್ಲಿ, ಎಲೆಕ್ಟ್ರಾನ್ ಓಡುವ ನಿರ್ವಾತ ಕೋಣೆಯನ್ನು ತೆರೆಯುವುದಾದರೆ ಒಣ ನೈಟ್ರೋಜನ್ ತುಂಬಿಯೇ ತೆರೆಯಬೇಕು. ಒಳಗಂಟಿದ ನೀರಾವಿಯನ್ನು ಪಂಪು ಹೊರತೆಗೆಯಲು ಬಹಳ ಹೊತ್ತು ಹಿಡಿಯುತ್ತದೆ.

ಇನ್ನು ಬೆಳಕಿನಿಂದಲೇ ಎಲೆಕ್ಟ್ರಾನನ್ನು ಹಿಡಿತಕ್ಕೆ ತರುವ ಮಾತು. 2009ರಲ್ಲಿ ನೊಬೆಲ್ ಪಡೆದ ರಸಾಯನ ವಿಜ್ಞಾನಿ ಅಹ್ಮದ್ ಜೆವೈಲ್ ಗುಂಪು ಅಮೆರಿಕದ ಕ್ಯಾಲ್‌ಟೆಕ್ ವಿದ್ಯಾಸಂಸ್ಥೆಯಲ್ಲಿ ಲೇಸರ್ ಸ್ಪಂದವನ್ನೂ (ಕ್ಷಣಮಾತ್ರದ ಮಿಡಿತ, ಪಲ್ಸ್) ಎಲೆಕ್ಟ್ರಾನ್ ಸ್ಪಂದವನ್ನೂ ನ್ಯಾನೋವಸ್ತುವಿನ ಬಳಿ ಒಟ್ಟಿಗೆ ಸೇರಿಸಿ ಎಲೆಕ್ಟ್ರಾನಿನ ಶಕ್ತಿ ಅಳೆಯಿತು. ಇಂಥ ಪ್ರಯೋಗಕ್ಕೆ 800 ನ್ಯಾನೋಮೀಟರಿನ ಲೇಸರ್ ಬಳಸಿದರೆ ಶಕ್ತಿಯ ನಕ್ಷೆಯಲ್ಲಿ ಮೂಲ ಶಿಖರದ ಎರಡೂ ಬದಿ 1.55 ಎಲೆಕ್ಟ್ರಾನ್‌ವೋಲ್ಟ್ (ಅಲ್ಲಿನ ಒಂದು ಫೋಟಾನಿನ ಶಕ್ತಿ) ಅಂತರದಲ್ಲಿ ಹೊಸ ಶಿಖರಗಳು ಏಳುತ್ತವೆ. ಎಲೆಕ್ಟ್ರಾನ್ ಒಂದು, ಎರಡು, ಮೂರು ಫೋಟಾನ್ ಪಡೆದದ್ದು ಒಂದು ಬದಿಗೆ, ಕೊಟ್ಟದ್ದು ಇನ್ನೊಂದು ಬದಿಗೆ. ಶಿಖರಗಳು ಏಳದಿದ್ದರೆ ಮೊದಲು ಎರಡು ಸ್ಪಂದಗಳು ಒಂದೇ ಹೊತ್ತಿಗೆ ತಲುಪುತ್ತವೆಯೇ ನೋಡಿ. ಲೇಸರಿನ ದಾರಿ ಉದ್ದ ಬದಲಿಸುವ ವಿಳಂಬದ ಕನ್ನಡಿ 1 ಮಿಲಿಮೀಟರ್ ಸರಿದರೆ ಬೆಳಕು ಹೋಗಿ ಬರುವುದರಲ್ಲಿ 6.7 ಪಿಕೋಸೆಕೆಂಡ್ (6,700 ಫೆಮ್ಟೋಸೆಕೆಂಡ್) ಹೋಯಿತು. 250 ಫೆಮ್ಟೋಸೆಕೆಂಡಿನ ಸ್ಪಂದಕ್ಕೆ 0.04 ಮಿಲಿಮೀಟರ್ ತಪ್ಪಿದರೂ ಭೇಟಿಯಾಗದು. ಶಿಖರಗಳು ಎದ್ದರೂ ಒಂದರೊಳಗೊಂದು ಕಲಸಿಕೊಂಡಿದ್ದರೆ ಸ್ಪಂದದಲ್ಲಿ ಎಲೆಕ್ಟ್ರಾನ್ ಹೆಚ್ಚಾಗಿ ಒಂದನ್ನೊಂದು ತಳ್ಳುತ್ತಿರಬಹುದು; ಎಲೆಕ್ಟ್ರಾನ್ ಹೊರಡಿಸುವ ಲೇಸರಿನ ಬಲ ತಗ್ಗಿಸಿ, ಹೊತ್ತು ಹೆಚ್ಚು ಹಿಡಿದರೂ ಪರವಾಗಿಲ್ಲ.