ಶನಿವಾರ ರಾತ್ರಿಯ ಕರೆಗಳು

ಮುಂಬಯಿಯ ಮಧ್ಯ ರೈಲ್ವೆಯಲ್ಲಿ ಹಳಿಗಳ ದುರಸ್ತಿಗೆಂದು ಭಾನುವಾರ ಕೆಲವು ಗಂಟೆ ಲೈನ್ ಮುಚ್ಚಿ ಮೆಗಾ ಬ್ಲಾಕ್ ಮಾಡುವುದು ಇಲ್ಲಿಯವರಿಗೆಲ್ಲ ಗೊತ್ತಿರುವ ಸಂಗತಿ. ನಮ್ಮ ಕನ್ನಡ ಕ್ರೈಸ್ತ ಸಭೆ ಆರಾಧನೆಗೆ ಕೂಡುವುದೂ ಅದೇ ದಿನ ಮಧ್ಯಾಹ್ನ, ಮರಾಠಿ ಸಭೆಯವರು ಬೆಳಗಿನ ಆರಾಧನೆ ಮುಗಿಸಿ ಬಿಟ್ಟುಕೊಟ್ಟ ದೇವಾಲಯದಲ್ಲಿ. ಮಾಟುಂಗಾದಿಂದ ಮುಲುಂಡ್‌ವರೆಗೆ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಗಾಡಿಗಳ ಸ್ಲೋ ಲೈನ್ ಮುಚ್ಚಿದಾಗ ಗಾಡಿಗಳನ್ನು ಫಾಸ್ಟ್ ಲೈನಿಗೆ ತಿರುಗಿಸುತ್ತಾರೆ. ಆಗ ವಿದ್ಯಾವಿಹಾರ್, ಕಾಂಜೂರ್‌ಮಾರ್ಗ್, ನಾಹೂರ್ ನಿಲ್ದಾಣಗಳಲ್ಲಿ ಅವು ನಿಲ್ಲುವುದಿಲ್ಲ. ಶನಿವಾರ ರಾತ್ರಿ ಆ ಪಟ್ಟಿಯನ್ನು ನೋಡಿ, ದೂರದಿಂದ ಬರುವ ಹಿರಿಯರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ, ಯಾವ ನಿಲ್ದಾಣಕ್ಕೆ ಹೋಗಿ ಗಾಡಿ ಹತ್ತಬೇಕೆಂದು ತಿಳಿಸುವುದು ಸಭೆಯಲ್ಲಿ ನನ್ನ ಪಾಲಿಗೆ ಬಂದಿರುವ ಸೇವೆ.

ನಾನು ಬಯಸಿದ್ದು ಪ್ರಸಂಗ ಮಾಡುವ ಸೇವೆಯನ್ನು. ಅದಕ್ಕಾಗಿ ಕೆಲಸದ ನಡುವೆಯೇ ಅಂಚೆಯ ಮೂಲಕ ದೇವಶಾಸ್ತ್ರ ಓದಿದ್ದೆ. ಸಮಿತಿಯವರು ಈ ಜವಾಬ್ದಾರಿಯನ್ನು ವಹಿಸಿದ ದಿನ ಮೇಲೆ ಸರಿ ಎಂದೆನಾದರೂ, ಒಳಗೆ ಬಹಳ ನೊಂದುಕೊಂಡೆ.

ಆ ದಿನಗಳಲ್ಲಿ ಸತ್ಯವೇದದ ಎರಡನೆಯ ಅರಸುಗಳು ಪುಸ್ತಕದ 5ನೆಯ ಅಧ್ಯಾಯವನ್ನು ಮತ್ತೆ ಮತ್ತೆ ಓದುತ್ತಿದ್ದೆ. ಅರಾಮ್ಯರ ಸೇನಾಪತಿ ನಾಮಾನನಿಗೆ ಕುಷ್ಠ. ಇಸ್ರಾಯೇಲಿನಿಂದ ಸೆರೆಹಿಡಿದು ತಂದ ಒಬ್ಬ ಹುಡುಗಿ ಅವನ ಹೆಂಡತಿಯ ಸೇವೆಯಲ್ಲಿದ್ದಳು. ಯಜಮಾನರು ಸಮಾರ್ಯದಲ್ಲಿರುವ ಪ್ರವಾದಿಯ ಬಳಿ ಇದ್ದಿದ್ದರೆ ವಾಸಿಯಾಗುತ್ತಿದ್ದರು ಎಂದು ಆಕೆ ಒಡತಿಗೆ ಹೇಳಿದಳು. ಆಕೆಯ ಬಾಯಿಂದ ನಾವು ಕೇಳುವುದು ಅಷ್ಟೇ. ಆಕೆಯ ಹೆಸರನ್ನು ಸತ್ಯವೇದ ಹೇಳುವುದಿಲ್ಲ. ನಾಮಾನನು ಗುಣಹೊಂದಿದ ಮೇಲೆ ಆಕೆಗೆ ಬಿಡುಗಡೆಯಾಯಿತೋ, ತಾಯಿಯ ಮುಖವನ್ನು ಮತ್ತೆ ಕಂಡಳೋ, ಅದನ್ನೂ ಹೇಳುವುದಿಲ್ಲ. ತನ್ನನ್ನು ಮನೆಯಿಂದ ಕಿತ್ತುತಂದವರ ಒಳಿತನ್ನು ಆಕೆ ಹೇಗೆ ಬಯಸಿದಳೆಂಬುದು ನನಗೆ ಇಂದಿಗೂ ಅಚ್ಚರಿ.

ಅದೇ ಅಧ್ಯಾಯದಲ್ಲಿ ನಾಮಾನನ ಕೋಪವೂ ಇದೆ. ಆ ಪ್ರವಾದಿ ಎಲೀಷನು ಹೊರಗೆ ಬಾರದೆ ಆಳನ್ನು ಕಳುಹಿಸಿ, ಯೋರ್ದನಿನಲ್ಲಿ ಏಳು ಸಾರಿ ಮುಳುಗಿ ಏಳು ಎಂದು ಹೇಳಿಸಿದನು. ದಮಸ್ಕದ ಅಬಾನಾ, ಪರ್ಪರ್ ನದಿಗಳು ಇದಕ್ಕಿಂತ ಉತ್ತಮವಲ್ಲವೇ ಎಂದು ನಾಮಾನನು ಸಿಟ್ಟಾಗಿ ಹೊರಟನು. ಪ್ರವಾದಿ ದೊಡ್ಡ ಕಾರ್ಯವನ್ನು ಹೇಳಿದ್ದರೆ ಮಾಡುತ್ತಿರಲಿಲ್ಲವೇ ಎಂದು ಅವನ ಸೇವಕರು ಕೇಳಿದ ಪ್ರಶ್ನೆಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ದೊಡ್ಡದನ್ನು ಹೇಳಿದ್ದರೆ ನಾನು ಖಂಡಿತ ಮಾಡುತ್ತಿದ್ದೆ. ಹುಡುಗಿಯ ಹಾಗಿದ್ದೇನೆಂದು ನನ್ನನ್ನು ನಾನು ಸಂತೈಸಿಕೊಳ್ಳುತ್ತಿದ್ದೆ. ಆದರೆ ರಥ ತಿರುಗಿಸಿಕೊಂಡು ಹೋಗುತ್ತಿದ್ದವನ ಸ್ಥಾನದಲ್ಲಿ ನಾನಿದ್ದೆ.

ನಾಹೂರಿನಲ್ಲಿ ಧಾರವಾಡದ ಕಡೆಯ ಅಜ್ಜಿಯೊಬ್ಬರಿದ್ದಾರೆ. ಸೊಸೆ ಮರಾಠಿಯವರು, ಮೊಮ್ಮಕ್ಕಳಿಗೆ ಕನ್ನಡ ಬಾರದು. ಒಂದು ಶನಿವಾರ, ನಾಳೆ ಬ್ಲಾಕ್ ಇಲ್ಲವಾದ್ದರಿಂದ ಅವರಿಗೆ ಹೇಳುವುದೇನೂ ಇಲ್ಲವೆಂದು ನಾನು ಫೋನ್ ಮಾಡಲಿಲ್ಲ. ರಾತ್ರಿ ಒಂಬತ್ತೂವರೆಗೆ ಅವರೇ ಮಾಡಿದರು.

"ಯಾಕಪಾ ತಮ್ಮಾ, ಆರಾಮಿಲ್ಲೇನು? ಫೋನ್ ಬರಲಿಲ್ಲ."

ಗಾಡಿಗಳೆಲ್ಲ ಸರಿಯಾಗಿವೆ ಅಜ್ಜಿ, ಅದಕ್ಕೇ ಮಾಡಲಿಲ್ಲ ಎಂದೆ.

"ಗಾಡಿ ಇರ್ಲಿ ಬಿಡು. ವಾರದಾಗ ನನ್ನ ಜೋಡಿ ಕನ್ನಡ ಮಾತಾಡಾವ ನೀ ಒಬ್ಬನ ಅದೀ."

ಅಂದಿನಿಂದ ಬ್ಲಾಕ್ ಇರಲಿ, ಇಲ್ಲದಿರಲಿ, ಅವರಿಗೆ ಕೊನೆಯಲ್ಲಿ ಫೋನ್ ಮಾಡುತ್ತೇನೆ, ಮಾತಿಗೆ ಹೊತ್ತು ಸಿಗಲೆಂದು. ನಾಳೆ ಮತ್ತೆ ಮುಲುಂಡ್‌ವರೆಗೆ ಬ್ಲಾಕ್ ಇದೆ. ಭಾಂಡುಪಿಗೆ ರಿಕ್ಷಾದಲ್ಲಿ ಹೋಗಿ ಗಾಡಿ ಹತ್ತಬೇಕೆಂದು ಅವರಿಗೆ ಹೇಳಬೇಕು.